ಜೋಳದ ರೊಟ್ಟಿಯೊಳಗೆ ಗೋಧಿ ಎಲ್ಲಿಂದ ಬಂತು?

"ಅಕ್ಕಾರ, ರೊಟ್ಟಿಗೆ ಗೋದಿ ಹಿಟ್ಟು ಏನಾರ ಹಾಕ್ತೀರೇನ್ರೀ?"

ಎರಡು ವರ್ಷದ ಹಿಂದೆ, ದೀಪಾವಳಿ ರಜೆಯ ಒಂದು ಮಧ್ಯಾಹ್ನ, ನಮ್ಮ ಖಾನಾವಳಿಯ ಕೌಂಟರ್ ಮುಂದೆ ನಿಂತು ಒಬ್ಬ ತಾಯಿ ಹೀಗೆ ಕೇಳಿದರು. ಪಕ್ಕದಲ್ಲಿ ಒಂಬತ್ತೋ ಹತ್ತೋ ವರ್ಷದ ಮಗಳು. ಬೆಳಿಗ್ಗೆ ಗೋಳಗುಮ್ಮಟ ಹತ್ತಿ ಇಳಿದು ಬಂದಿದ್ದರು. ಹುಡುಗಿಗೆ ಹಸಿವು ತಡೆಯುತ್ತಿರಲಿಲ್ಲ. ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

"ಜ್ವಾಳದ ರೊಟ್ಟಿಯಾಗ ಗೋದಿ ಎಲ್ಲಿಂದ ಬರ್ತೈತ್ರೀ? ಆರಾಮ ಉಣ್ರಿ" ಅಂದೆ.

ಹುಡುಗಿ ಎರಡು ರೊಟ್ಟಿ ಉಂಡಳು. ಜೊತೆಗೆ ಬ್ಯಾಳಿ, ಮೊಸರು. ಎಣಗಾಯಿ ಖಾರ ಅಂತ ಮುಟ್ಟಲಿಲ್ಲ. ಹೊರಡುವಾಗ ತಾಯಿ ನನ್ನ ಕೈ ಹಿಡಿದು, ಎಷ್ಟೋ ದಿನದ ಮೇಲೆ ಮಗಳು ಹೊರಗೆ ಕೂತು ಹೊಟ್ಟೆ ತುಂಬ ಉಂಡಳು ಅಂದರು. ನನಗೂ ಖುಷಿಯಾಯಿತು.

ಮರುದಿನ ಬೆಳಿಗ್ಗೆ ಬಿಲ್ಲಿನ ಮೇಲಿದ್ದ ನಂಬರಿಗೆ ಅವರ ಫೋನ್ ಬಂತು. ರಾತ್ರಿಯೆಲ್ಲ ಮಗಳಿಗೆ ಹೊಟ್ಟೆನೋವು, ವಾಂತಿ. ಅವಳಿಗೆ ಸೀಲಿಯಾಕ್ ಕಾಯಿಲೆ ಇದೆಯಂತೆ. "ಬೈಯಾಕ ಫೋನ್ ಮಾಡಿಲ್ರೀ ಅಕ್ಕಾರ. ಇನ್ನೊಬ್ರ ಮಕ್ಕಳಿಗೆ ಹಿಂಗ ಆಗಬಾರ್ದಂತ ಹೇಳಾಕತ್ತೀನಿ" ಅಂದರು. ಬೈದಿದ್ದರೆ ನಾನೂ ಏನಾದರೂ ವಾದ ಮಾಡುತ್ತಿದ್ದೆನೋ ಏನೋ. ಆ ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ.

ವಿಜಯಪುರದ ಈ ಖಾನಾವಳಿಯಲ್ಲಿ ನಾನು ಅಡುಗೆಮನೆ ಮತ್ತು ಕೌಂಟರ್ ಎರಡನ್ನೂ ನೋಡಿಕೊಳ್ಳುತ್ತೇನೆ. ಇಲ್ಲಿಗೆ ಬಂದು 16 ವರ್ಷವಾಯಿತು. ಸೀಲಿಯಾಕ್ ಅನ್ನುವ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ನಮ್ಮ ಡಾಕ್ಟರನ್ನು ಕೇಳಿ ತಿಳಿದುಕೊಂಡೆ. ಗೋಧಿ, ಜವೆಗೋಧಿಯಂಥ ಧಾನ್ಯಗಳಲ್ಲಿ ಗ್ಲುಟೆನ್ ಅಂತ ಒಂದು ಪ್ರೋಟೀನ್ ಇರುತ್ತದೆ. ಚಪಾತಿ ಹಿಟ್ಟು ನಾದಿದಾಗ ರಬ್ಬರಿನಂತೆ ಜಗ್ಗುವುದು ಅದರಿಂದಲೇ. ಸೀಲಿಯಾಕ್ ಇದ್ದವರ ಹೊಟ್ಟೆಗೆ ಅದು ಹೋದರೆ, ಅವರ ದೇಹದ ರಕ್ಷಣಾ ಶಕ್ತಿಯೇ ಸಣ್ಣ ಕರುಳಿನ ಒಳಪದರಕ್ಕೆ ಪೆಟ್ಟು ಮಾಡುತ್ತದೆ. ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಮಕ್ಕಳು ಬೆಳೆಯುವುದಿಲ್ಲ, ರಕ್ತ ಕಡಿಮೆಯಾಗುತ್ತದೆ. ಜೀವನಪೂರ್ತಿ ಗ್ಲುಟೆನ್ ಇರುವುದನ್ನೆಲ್ಲ ಬಿಡುವುದೇ ಇದಕ್ಕಿರುವ ಮದ್ದು. ಸ್ವಲ್ಪ ತಿಂದರೆ ನಡೆಯುತ್ತದೆ ಅನ್ನುವ ಹಾಗಿಲ್ಲ.

ಜೋಳದಲ್ಲಿ ಗ್ಲುಟೆನ್ ಇಲ್ಲ. ಹಾಗಾದರೆ ನಮ್ಮ ರೊಟ್ಟಿಗೆ ಅದು ಎಲ್ಲಿಂದ ಬಂತು? ಆ ವಾರವಿಡೀ ನಾನು ಹುಡುಕಿದ್ದು ಅದನ್ನೇ.

ಮೊದಲು ರೊಟ್ಟಿ ಬಡಿಯುವ ಮಾವಶಿ ಹತ್ತಿರ ಕೂತೆ. ನಾನು ಇಲ್ಲಿಗೆ ಬರುವ ಮುಂಚಿನಿಂದ ಅವರೇ ರೊಟ್ಟಿ ಬಡಿಯುತ್ತಿದ್ದಾರೆ. ಮಾಲದಂಡಿ ಜೋಳ ಹೊಸದಿದ್ದಾಗ ಹಿಟ್ಟಿಗೆ ಜಿಗಿ ಚೆನ್ನಾಗಿರುತ್ತದೆ. ಕುದಿಯುವ ಎಸರು ಹಾಕಿ ನಾದಿದರೆ ರೊಟ್ಟಿ ಕಾಗದದಂತೆ ತೆಳ್ಳಗೆ ಬರುತ್ತದೆ. ಹಿಂಗಾರಿ ಬೆಳೆ ಬಂದು ಏಳೆಂಟು ತಿಂಗಳಾದ ಮೇಲೆ, ದೀಪಾವಳಿ ಹೊತ್ತಿಗೆ, ಚೀಲದಲ್ಲಿ ಇರುವುದು ಹಳೆ ಜೋಳ. ಬಡಿಯುವಾಗಲೇ ಅಂಚು ಬಿರಿಯುತ್ತದೆ. "ಹಂಗ ಆದಾಗ ಏನ್ ಮಾಡ್ತೀರಿ ಮಾವಶಿ?" ಅಂತ ಕೇಳಿದೆ.

"ಒಂದ್ ಮುಷ್ಟಿ ಗೋದಿ ಹಿಟ್ಟು ಕೂಡಿಸ್ತೀನವ್ವಾ. ಇಲ್ಲಂದ್ರ ರೊಟ್ಟಿ ಸೀಳ್ತಾವು, ಗಿರಾಕಿ ವಾಪಸ್ ಕಳಸ್ತಾರು."

ಅವರು ಇದನ್ನು ಮುಚ್ಚಿಟ್ಟಿರಲಿಲ್ಲ. ನಾನು ಯಾವತ್ತೂ ಕೇಳಿರಲಿಲ್ಲ, ಅಷ್ಟೇ. ಆ ದಿನ ಕೂಡಿಸಿದ್ದರಾ ಅಂದರೆ ಅವರಿಗೆ ನೆನಪಿಲ್ಲ. ವಿಷಯ ಪೂರ್ತಿ ಹೇಳಿದಾಗ ಮಾವಶಿ ಸುಮ್ನೆ ಕೂತುಬಿಟ್ಟರು. ಆಮೇಲೆ "ಆ ಕೂಸು ಈಗ ಹೆಂಗೈತಿ?" ಅಂತ ಎರಡು ಸಲ ಕೇಳಿದರು.

ಅಲ್ಲಿಗೇ ಮುಗಿಯಲಿಲ್ಲ. ನಮ್ಮ ಜೋಳ ಹೋಗುವ ಗಿರಣಿಗೆ ಹೋಗಿ ಒಂದು ಗಂಟೆ ನಿಂತೆ. ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿಯುತ್ತಾರೆ. ಮುಂದಿನವರ ಡಬ್ಬಿಗೆ ಹಿಂದಿನವರ ಹಿಟ್ಟು ಒಂದಿಷ್ಟು ಬಂದೇ ಬರುತ್ತದೆ, ಅದನ್ನು ಯಾರೂ ತಪ್ಪು ಅನ್ನುವುದಿಲ್ಲ. ಅದೇ ಗಿರಣಿಯಲ್ಲಿ ಮೆಣಸಿನಕಾಯಿ ಬೀಸಲು ಮಾತ್ರ ಬೇರೆ ಮಷೀನ್ ಇದೆ. ಹಿಟ್ಟಿಗೆ ಖಾರ ತಾಗಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಅದಕ್ಕೆ ಬೇರೆ ಇಟ್ಟಿದ್ದಾರೆ. ಗೋಧಿ ತಾಗಿದ್ದು ಗೊತ್ತಾಗುವುದು ಆ ಹುಡುಗಿಯಂಥವರಿಗೆ ಮಾತ್ರ.

ಮೂರನೆಯದು ನಮ್ಮದೇ ಒಲೆ. ಚಪಾತಿ ಬೇಯಿಸುವ ಹಂಚಿನಲ್ಲೇ ರೊಟ್ಟಿ. ಚಪಾತಿಗೆ ಉದುರಿಸಿದ ಹಿಟ್ಟು ಹಂಚಿನ ಅಂಚಿನಲ್ಲಿ ಕರಕಾಗಿ ಕೂತಿರುತ್ತದೆ.

ನಾಲ್ಕನೆಯದು ನನಗೆ ಹೊಳೆದೇ ಇರಲಿಲ್ಲ. ಬ್ಯಾಳಿಯ ಒಗ್ಗರಣೆಗೆ ಹಾಕುವ ಇಂಗು. ಶುದ್ಧ ಇಂಗು ತುಂಬಾ ಘಾಟು, ಹಾಗೇ ಬಳಸಲು ಆಗುವುದಿಲ್ಲ. ಅದಕ್ಕೆ ಅಂಟು, ಹಿಟ್ಟು ಸೇರಿಸಿ ಪುಡಿ ಮಾಡಿ ಮಾರುತ್ತಾರೆ. ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿದೆ. ಗೋಧಿ ಹಿಟ್ಟು ಅಂತ ಸ್ಪಷ್ಟವಾಗಿ ಬರೆದಿತ್ತು. ಇಷ್ಟು ವರ್ಷ ದಿನಾಲೂ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದಿದ್ದೇನೆ.

ಆ ತಾಯಿಗೆ ಫೋನ್ ಮಾಡಿ ಒಂದೊಂದನ್ನೇ ಹೇಳಿದೆ. ಇವುಗಳಲ್ಲಿ ಯಾವುದರಿಂದ ಆಯಿತು ಅಂತ ಹೇಳಲು ಬರುವುದಿಲ್ಲ, ಎಲ್ಲವೂ ಇದ್ದವು ಅಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಇಂಗಿನ ಕಂಪನಿ ಯಾವುದು ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಅವರ ಮನೆಯಲ್ಲೂ ಅದೇ ಡಬ್ಬಿ ಇತ್ತಂತೆ.

ಬೇರೆ ಬೇರೆ ಊಟದ ಅಗತ್ಯ ಇರುವವರಿಗೆ ಹೋಟೆಲುಗಳು ಜಾಸ್ತಿ ತಿಂಡಿ-ಊಟದ ಆಯ್ಕೆ ಕೊಡಬೇಕು ಅಂತ ಹಲವರು ಹೇಳುತ್ತಾರೆ. ಕೊಡಬೇಕು, ನಿಜ. ಆದರೆ ನಮ್ಮ ಅಡುಗೆಮನೆಯಲ್ಲಿ ಇದೆಲ್ಲ ಕಂಡಮೇಲೆ ನನಗೆ ಅನ್ನಿಸಿದ್ದು ಬೇರೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಗಿತ್ತು, ನೆನಪಿರಬಹುದು. ಆಗ ಎಷ್ಟೋ ಹೋಟೆಲುಗಳ ಮೆನುವಿನಲ್ಲಿ ಜೋಳದ ದೋಸೆ, ನವಣೆ ಬಿಸಿಬೇಳೆಬಾತ್ ಬಂದವು. ಕೆಲವು ಕಡೆ ಪಕ್ಕದಲ್ಲೇ ಗ್ಲುಟೆನ್ ಫ್ರೀ ಅಂತ ಬರೆದರು. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಹಾಗೆ ಬರೆಯಬೇಕಾದರೆ ಒಂದು ಕೆಜಿ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ದಾಟಬಾರದು. ಒಂದು ಚಿಟಿಕೆ ಹಿಟ್ಟು ಬಿದ್ದರೂ ಆ ಲೆಕ್ಕ ಮೀರಬಹುದು. ಲ್ಯಾಬಿಗೆ ಕಳಿಸದೆ ಅದನ್ನು ಹೇಳುವುದು ಹೇಗೆ? ಮೆನುವಿನಲ್ಲಿ ಹತ್ತು ಹೊಸ ಹೆಸರು ಸೇರಿಸುವುದಕ್ಕಿಂತ ಮೊದಲು, ಈಗ ಇರುವ ಹತ್ತು ಪದಾರ್ಥದಲ್ಲಿ ಏನೇನಿದೆ ಅಂತ ನಮಗೆ ಸರಿಯಾಗಿ ಗೊತ್ತಿರಬೇಕು. ಕೇಳಿದವರಿಗೆ ಅದನ್ನು ಇದ್ದ ಹಾಗೆ ಹೇಳಬೇಕು.

ಇದನ್ನು ಕಾನೂನು ನಮ್ಮಿಂದ ಮಾಡಿಸುವುದಿಲ್ಲ. ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮದಲ್ಲಿ, ಅಲರ್ಜಿ ತರುವ ಪದಾರ್ಥಗಳ ಮಾಹಿತಿಯನ್ನು ಗಿರಾಕಿಗಳಿಗೆ ತಿಳಿಸಬೇಕು ಅಂತ ಇದೆ. ಅದು ಕೇಂದ್ರದ ಲೈಸೆನ್ಸ್ ಇರುವ ಅಥವಾ ಹತ್ತು ಮತ್ತು ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವ ದೊಡ್ಡ ಹೋಟೆಲುಗಳಿಗೆ. ಒಂದೇ ಒಲೆಯ ಖಾನಾವಳಿಗೆ ಯಾರೂ ಬಂದು ಕೇಳುವುದಿಲ್ಲ. ನಮ್ಮ ಭಾಗದಲ್ಲಿ ಜನ ಜಾಸ್ತಿ ಉಣ್ಣುವುದು ಇಂಥ ಕಡೆಯೇ ಅಲ್ವಾ?

ಪ್ರತ್ಯೇಕ ಹಂಚು, ಪ್ರತ್ಯೇಕ ಪರಾತ, ಜೋಳ ಮಾತ್ರ ಬೀಸಲು ಒಂದು ಸಣ್ಣ ಮನೆ ಗಿರಣಿ ಬೇಕು ಅಂತ ಮಾಲೀಕರ ಹತ್ತಿರ ಕೇಳಿದೆ. ಅವರು ಒಳ್ಳೆಯವರೇ. ಆದರೂ "ಅಂಥವರು ತಿಂಗಳಿಗೊಬ್ರು ಬರೋದು. ಅದಕ್ಕ ಇಷ್ಟೆಲ್ಲ ಯಾಕವ್ವಾ?" ಅಂದರು.

ನಾನು ಅವರಿಗೆ ಉಪವಾಸದ ದಿನ ನೆನಪಿಸಿದೆ. ಆಷಾಢ ಏಕಾದಶಿ ಬಂದರೆ ನಮ್ಮ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ "ಉಪವಾಸದ ಖಿಚಡಿ" ಅಂತ ಬರೆಯುತ್ತೇವೆ. ಅವತ್ತು ಬೆಳಿಗ್ಗೆ ಬೇರೆ ಬೋಗುಣಿ ಇಳಿಸುತ್ತೇವೆ. ಉಳ್ಳಾಗಡ್ಡಿ ಹೆಚ್ಚಿದ ಚಾಕು ಅದಕ್ಕೆ ತಾಗಿಸುವುದಿಲ್ಲ. ಸಾಬೂದಾಣಿ ನೆನೆಸುವವರು ಜಳಕ ಮಾಡಿಯೇ ಬರುತ್ತಾರೆ. ಅನ್ನದ ಸೌಟು ಅಪ್ಪಿತಪ್ಪಿ ಅದರಲ್ಲಿ ಬಿದ್ದರೆ ಇಡೀ ಬೋಗುಣಿ ಪಕ್ಕಕ್ಕೆ ಇಟ್ಟು ಬೇರೆ ಮಾಡುತ್ತೇವೆ. ಶಿವರಾತ್ರಿಗೂ ಹಾಗೇ, ಶ್ರಾವಣ ಸೋಮವಾರಕ್ಕೂ ಹಾಗೇ. ಯಾರೂ ಇದಕ್ಕೆ ಬೇಸರ ಮಾಡಿಕೊಂಡಿಲ್ಲ, ಖರ್ಚಿನ ಲೆಕ್ಕ ಹಾಕಿಲ್ಲ. ಒಬ್ಬರ ನೇಮ ಕೆಡಬಾರದು ಅಂತ ಇಷ್ಟು ಕಾಳಜಿ ಮಾಡಲು ನಮಗೆ ಬರುತ್ತದೆ. ಒಂದು ಕೂಸಿನ ಕರುಳು ಕೆಡಬಾರದು ಅಂತ ಅದೇ ಕಾಳಜಿ ಮಾಡಲು ಹೊಸದಾಗಿ ಏನೂ ಕಲಿಯಬೇಕಿಲ್ಲ. ಬೋಗುಣಿ ಬೇರೆ, ಸೌಟು ಬೇರೆ, ಕೈ ತೊಳೆದು ಮುಟ್ಟಬೇಕು, ಅಷ್ಟೇ.

ಮಾಲೀಕರು ಮತ್ತೆ ಏನೂ ಕೇಳಲಿಲ್ಲ. ಗಿರಣಿ ಬಂತು.

ಈಗ ಗೋಧಿ ಬೇಡ ಅನ್ನುವವರು ಹಿಂದಿನ ದಿನ ಫೋನ್ ಮಾಡಿದರೆ, ಜೋಳವನ್ನು ಮೊರದಲ್ಲಿ ಹಾಕಿ ಹಸನು ಮಾಡುತ್ತೇವೆ. ಕಲ್ಲು-ಕಸದ ಜೊತೆ ಗೋಧಿ ಕಾಳೂ ಸಿಗುತ್ತವೆ, ಅವನ್ನು ಆರಿಸಿ ತೆಗೆಯುತ್ತೇವೆ. ಬೀಸುವುದು ನಮ್ಮ ಗಿರಣಿಯಲ್ಲೇ. ಚಪಾತಿ ಒಲೆ ಹಚ್ಚುವ ಮುಂಚೆ, ಬೆಳಿಗ್ಗೆಯೇ, ಮಾವಶಿ ಆ ಗಿರಾಕಿಗಳ ರೊಟ್ಟಿ ಬಡಿದು ಮುಚ್ಚಿಡುತ್ತಾರೆ. ಅಕ್ಕಿ ಹಿಟ್ಟಿನ ಇಂಗು ಸಿಕ್ಕಿದೆ, ಈಗ ಎಲ್ಲರಿಗೂ ಅದೇ. ಇಷ್ಟು ಮಾಡಿಯೂ ಗ್ಲುಟೆನ್ ಫ್ರೀ ಅಂತ ನಾನು ಹೇಳುವುದಿಲ್ಲ. ಏನೇನು ಮಾಡಿದ್ದೇವೆ, ಏನು ನಮ್ಮ ಕೈಯಲ್ಲಿ ಇಲ್ಲ, ಎರಡನ್ನೂ ಹೇಳುತ್ತೇನೆ. ಉಣ್ಣಬೇಕೋ ಬೇಡವೋ ಅನ್ನುವುದು ಅವರ ತೀರ್ಮಾನ.

ಬಡಿಸುವ ಹುಡುಗರಿಗೆ ಇದನ್ನು ಕಲಿಸುವುದೇ ಕಷ್ಟವಾಯಿತು. ಗಿರಾಕಿ ಏನಾದರೂ ಕೇಳಿದರೆ ತಕ್ಷಣ ಉತ್ತರ ಕೊಡಬೇಕು, ಗೊತ್ತಿಲ್ಲ ಅಂದರೆ ಅವಮಾನ ಅಂತ ಅವರ ತಲೆಯಲ್ಲಿ ಕೂತಿದೆ. ನಾನೂ ಅದನ್ನೇ ಮಾಡಿದ್ದೆ. "ತಡೀರಿ, ಒಳಗ ಕೇಳಿ ಬಂದು ಹೇಳ್ತೀನ್ರಿ" ಅನ್ನುವ ಒಂದು ಮಾತು ಅವರ ಬಾಯಲ್ಲಿ ಸಲೀಸಾಗಿ ಬರಲು ನಾಲ್ಕೈದು ತಿಂಗಳು ಹಿಡಿಯಿತು. ದಿನಾ ಬೆಳಿಗ್ಗೆ ಆ ದಿನದ ಪಲ್ಯಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರಲ್ಲಿ ಏನು ಬಿದ್ದಿದೆ ಅಂತ ಪಕ್ಕದಲ್ಲೇ ಗುರುತು ಹಾಕಿ, ಕೌಂಟರ್ ಹಿಂದೆ ತೂಗುಹಾಕುತ್ತೇನೆ. ಶೇಂಗಾ, ಎಳ್ಳು, ಗುರೆಳ್ಳು, ಹಾಲು-ಮೊಸರು, ಗೋಧಿ, ಉಳ್ಳಾಗಡ್ಡಿ-ಬಳ್ಳೊಳ್ಳಿ.

ಜೈನರ ಊಟ ಸುಲಭ. ಬೆಳಗಾವಿ, ಅಥಣಿ ಕಡೆಯಿಂದ ಬರುವವರು ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಲೂಗಡ್ಡೆ ಬೇಡ ಅನ್ನುತ್ತಾರೆ. ಹೆಸರುಕಾಳು, ಪುಂಡಿಪಲ್ಯ ಅವಿಲ್ಲದೆಯೂ ರುಚಿಯಾಗುತ್ತವೆ. ಹೊತ್ತು ಮುಳುಗುವ ಮುಂಚೆ ಉಣ್ಣುವವರಿಗೆ ಐದೂವರೆಗೇ ಒಂದು ಒಲೆ ಹಚ್ಚಿಡುತ್ತೇವೆ. ಸಕ್ಕರೆ ಕಾಯಿಲೆಯವರು ಅನ್ನದ ಬದಲು ಇನ್ನೊಂದು ರೊಟ್ಟಿ ಕೇಳುತ್ತಾರೆ. ಕೊಡುತ್ತೇವೆ. ಆದರೆ ಜೋಳ ಅಂದಮೇಲೆ ಎಷ್ಟಾದರೂ ತಿನ್ನಬಹುದು ಅಂತ ನಾನು ಯಾರಿಗೂ ಹೇಳುವುದಿಲ್ಲ, ಅದರಲ್ಲೂ ಪಿಷ್ಟ ಇದ್ದೇ ಇದೆ. ಬಿಪಿ ಇರುವವರ ತಾಟಿಗೆ ಉಪ್ಪಿನಕಾಯಿಯನ್ನು ಕೇಳಿಯೇ ಬಡಿಸುತ್ತೇವೆ.

ಶೇಂಗಾ ಮಾತ್ರ ನಮ್ಮಿಂದ ಆಗುವುದಿಲ್ಲ. ಎಣಗಾಯಿಯಲ್ಲಿ ಶೇಂಗಾ ಪುಡಿ, ಹಿಂಡಿ ಅಂದರೆ ಚಟ್ನಿಪುಡಿಯಲ್ಲಿ ಶೇಂಗಾ, ಹೋಳಿಗೆಯಲ್ಲಿ ಶೇಂಗಾ, ಒಗ್ಗರಣೆಗೂ ಶೇಂಗಾ ಎಣ್ಣೆ. ಮಿಕ್ಸರ್ ಜಾರಿಗೆ, ಡಬ್ಬಿಯ ಮುಚ್ಚಳಕ್ಕೆ, ಬಡಿಸುವವರ ಕೈಗೆ ಅದರ ಪುಡಿ ಹತ್ತಿರುತ್ತದೆ. ಶೇಂಗಾ ಅಲರ್ಜಿ ಜೋರಾಗಿರುವವರಿಗೆ ಅಷ್ಟು ಸಾಕು, ನಿಮಿಷಗಳಲ್ಲಿ ತುಟಿ-ಗಂಟಲು ಊದಿ ಉಸಿರು ಕಟ್ಟಬಹುದು. ಇಲ್ಲಿ ಧೈರ್ಯ ಹೇಳುವುದು ಪಾಪದ ಕೆಲಸ.

ಹೋದ ತಿಂಗಳು ಜಮಖಂಡಿಯಿಂದ ಒಬ್ಬರು ಫೋನ್ ಮಾಡಿದರು. ಭಾನುವಾರ ಮನೆಯವರು ಹನ್ನೆರಡು ಜನ ಊಟಕ್ಕೆ ಬರುವವರಿದ್ದರು. ತಮ್ಮನ ಮಗನಿಗೆ ಶೇಂಗಾ ಆಗಿಬರುವುದಿಲ್ಲ, ಅವನಿಗೆ ಏನು ಮಾಡಿಕೊಡುತ್ತೀರಿ ಅಂತ ಕೇಳಿದರು. "ನಮ್ಮ ಅಡಿಗಿಮನ್ಯಾಗಿಂದು ಅವಗ ಏನೂ ಬ್ಯಾಡ್ರೀ ಅಣ್ಣಾರ" ಅಂದೆ. ಕಾರಣ ಹೇಳಿದೆ. ಮನೆಯಿಂದ ಡಬ್ಬಿ ಕಟ್ಟಿಕೊಂಡು ಬನ್ನಿ, ತಾಟು, ಚಮಚ, ನೀರಿನ ಬಾಟಲಿಯೂ ನಿಮ್ಮದೇ ಇರಲಿ, ಹುಡುಗನಿಗೆ ನಾವು ದುಡ್ಡು ಹಿಡಿಯುವುದಿಲ್ಲ ಅಂದೆ. ಹೊರಗಿನ ಊಟ ತರಬಾರದು ಅನ್ನುವ ಬೋರ್ಡು ನಮ್ಮಲ್ಲೂ ಇತ್ತು. ಅದರ ಕೆಳಗೆ ಈಗ ಒಂದು ಸಾಲು ಸೇರಿಸಿದ್ದೇವೆ.

ಭಾನುವಾರ ಅವರು ಬಂದರು. ಮೂಲೆಯ ಟೇಬಲನ್ನು ಬಿಸಿನೀರಿನಲ್ಲಿ ಹೊಸ ಬಟ್ಟೆಯಿಂದ ಒರೆಸಿಟ್ಟಿದ್ದೆ. ಹುಡುಗನನ್ನು ಗೋಡೆ ಬದಿಗೆ, ಅಮ್ಮನ ಪಕ್ಕದಲ್ಲಿ ಕೂರಿಸಿದರು. ಅವನ ಡಬ್ಬಿಯಲ್ಲಿ ಚಪಾತಿ, ಬೆಂಡೆಕಾಯಿ ಪಲ್ಯ ಇತ್ತು. ಬಡಿಸುವ ಹುಡುಗ ಹಿಂಡಿಯ ಬಟ್ಟಲನ್ನು ಆ ಕಡೆ ಒಯ್ಯದೆ, ಈ ತುದಿಯಿಂದಲೇ ಬಡಿಸಿಕೊಂಡು ಹೋದ.