ಶೆಟ್ಟರು ಗೋದಲಿಗೆ ಬಂದರು

ಮೈಸೂರು
ಡಿಸೆಂಬರ್ 21, 2024, ಶನಿವಾರ, ರಾತ್ರಿ 10.40

ನಿನ್ನೆ ರಾತ್ರಿ ಎಂಟೂವರೆಗೆ ಪುಟ್ಟಿಯ ಶಾಲೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಮೆಸೇಜ್ ಬಂತು. ಸೋಮವಾರ ಯುಕೆಜಿ ಮಕ್ಕಳೆಲ್ಲ ಒಂದೊಂದು ಕ್ರಿಸ್‌ಮಸ್ ಕ್ರಾಫ್ಟ್ ತರಬೇಕು. ಕೆಳಗೆ ದಪ್ಪಕ್ಷರದಲ್ಲಿ, ‘ಮಗುವೇ ಮಾಡಿದ್ದಾಗಿರಬೇಕು.’ ಈ ದಪ್ಪಕ್ಷರ ನನಗೇ ಅಂತ ಗೊತ್ತಾಯಿತು. ಹೋದ ವರ್ಷ ಥಳಥಳ ಹೊಳೆಯುವ ಹಾಳೆಯೆಲ್ಲ ತಂದು, ರಾತ್ರಿ ಹನ್ನೊಂದರವರೆಗೆ ಕೂತು ಸಾಂತಾ ಮಾಡಿ ಕಳಿಸಿದ್ದೆ. ಮಿಸ್ ಎಷ್ಟು ಚೆನ್ನಾಗಿದೆ ಅಂದಾಗ ನಮ್ಮ ಪುಟ್ಟಿ, “ಅದು ಅಮ್ಮ ಮಾಡಿದ್ದು ಮಿಸ್, ನಾನು ಮಲ್ಕೊಂಡಿದ್ದೆ” ಅಂದಿದ್ದಳಂತೆ.

ಹಾಗಾಗಿ ಈ ಸಲ ಅಂಗಡಿಗೆ ಹೋಗಲೇ ಇಲ್ಲ. ಮನೆಯಲ್ಲಿ ಏನಿದೆಯೋ ಅದರಲ್ಲೇ, ಅವಳ ಕೈಯಲ್ಲೇ. ಐದು ವರ್ಷದ ಮಗುವಿನ ತಾಳ್ಮೆ ಜಾಸ್ತಿ ಅಂದರೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಏನೋ ಒಂದು ಕಣ್ಣಿಗೆ ಕಾಣಬೇಕು. ಇಲ್ಲದಿದ್ದರೆ ಗೋಂದಿನ ಬಾಟಲಿ ಸೋಫಾದ ಮೇಲೆ ಇರುತ್ತೆ.

ಮೊದಲು ಕಪಾಟಿನ ಮೇಲಿದ್ದ ಮದುವೆ ಪತ್ರಿಕೆಗಳನ್ನು ಇಳಿಸಿದೆ. ನಮ್ಮ ಮನೆಯಲ್ಲಿ ಪತ್ರಿಕೆ ಬಿಸಾಡುವ ಪದ್ಧತಿ ಇಲ್ಲ. ಮೆರೂನ್, ಹಸಿರು, ಚಿನ್ನದ ಅಂಚು. ಇದಕ್ಕಿಂತ ಒಳ್ಳೆ ಕ್ರಿಸ್‌ಮಸ್ ಹಾಳೆ ದುಡ್ಡು ಕೊಟ್ಟರೂ ಸಿಗಲ್ಲ. ಕತ್ತರಿ ಹಾಕುವ ಹೊತ್ತಿಗೆ ಅತ್ತೆ ಬಂದರು. “ಗಣಪತಿ ಮೇಲೆ ಕತ್ತರಿ ಆಡಿಸ್ಬೇಡ್ರೇ.” ಸರಿ, ಎಲ್ಲ ಪತ್ರಿಕೆಯ ಗಣಪತಿಯನ್ನೂ ಮೊದಲು ಬಿಡಿಸಿ, ಅರಿಶಿನ-ಕುಂಕುಮ ಹಚ್ಚಿದ ಮೂಲೆಗಳನ್ನೂ ಬಿಟ್ಟು, ಉಳಿದದ್ದರಲ್ಲಿ ತ್ರಿಕೋನ ಕತ್ತರಿಸಿದೆವು. ಎರಡು ತ್ರಿಕೋನ ಒಂದರ ಮೇಲೊಂದು ತಲೆಕೆಳಗಾಗಿ ಅಂಟಿಸಿದರೆ ನಕ್ಷತ್ರ. ಐದು ಮೂಲೆಯ ನಕ್ಷತ್ರ ಮಕ್ಕಳ ಕೈಗೆ ಬಗ್ಗಲ್ಲ, ಆರು ಮೂಲೆಯದು ತಾನಾಗೇ ಆಗುತ್ತೆ. ದಾರ ಪೋಣಿಸಿ ಕಿಟಕಿಗೆ ಕಟ್ಟಿದ್ದೇವೆ. ಒಂದರ ಮೇಲೆ ‘ತಮ್ಮ ಆಗಮನಾಭಿಲಾಷಿಗಳು’ ಅಂತ ಕಾಣುತ್ತಿದೆ. ಇರಲಿ, ಹಬ್ಬಕ್ಕೂ ಹೊಂದುತ್ತೆ.

ಐಸ್‌ಕ್ರೀಂ ಕಡ್ಡಿಯಲ್ಲಿ ಮರ, ಕಾಗದದ ಸರಪಳಿ ಇವೆಲ್ಲ ಎಲ್ಲರೂ ಮಾಡುವುದೇ. ನಾವೂ ಮಾಡಿದೆವು, ಹತ್ತು ನಿಮಿಷದಲ್ಲಿ ಮುಗಿಯಿತು.

ಕಷ್ಟ ಆಗಿದ್ದು ಹಿಮದ ಹರಳು. ಯಾವುದೋ ವಿಡಿಯೋದಲ್ಲಿ ನೋಡಿದ್ದಳು, ಬೇಕೇ ಬೇಕು ಅಂದಳು. ಚೌಕ ಕಾಗದವನ್ನು ಮೂಲೆಗೆ ಮೂಲೆ ಸೇರಿಸಿ ಮಡಚಿದೆ. ಮತ್ತೆ ಅರ್ಧ, ಮತ್ತೆ ಅರ್ಧ, ಮತ್ತೆ ಅರ್ಧ. ಅವಳು ಅಂಚಿಗೆಲ್ಲ ಕಚಕಚ ಕತ್ತರಿ ಹಾಕಿದಳು. ಬಿಡಿಸಿದರೆ ಕೈಗೆ ಬಂದಿದ್ದು ಚೂರುಪಾರು. ಮಡಿಕೆಯ ಎರಡೂ ಕಡೆ ಪೂರ್ತಿ ಕತ್ತರಿಸಿಬಿಟ್ಟರೆ ಹಾಗೇ ಆಗುತ್ತೆ, ಎಲ್ಲೋ ಒಂದಿಷ್ಟು ಮಡಿಕೆ ಉಳಿಯಲೇಬೇಕು. ಎರಡನೆಯದು ಚೆನ್ನಾಗಿ ಬಂತು. ಅತ್ತೆ ಕನ್ನಡಕ ಹಾಕಿಕೊಂಡು ಎಣಿಸಿದರು. “ಎಂಟಿದೆ. ಇದು ಅಷ್ಟದಳ ಪದ್ಮ ಕಣೇ, ಬೆಳಿಗ್ಗೆ ನಾನು ಬಾಗಿಲಿಗೆ ಹಾಕಿದ್ದಲ್ವಾ?” ಧನುರ್ಮಾಸ ಅಂತ ದಿನಾ ನಸುಕಿನಲ್ಲಿ ಎದ್ದು ದೊಡ್ಡ ರಂಗೋಲಿ ಹಾಕುತ್ತಿದ್ದಾರೆ. ಪುಟ್ಟಿ ಓಡಿಹೋಗಿ ಕಾಗದವನ್ನು ರಂಗೋಲಿ ಪಕ್ಕ ಇಟ್ಟು ನೋಡಿದಳು. ನಿಜ, ಅಕ್ಕ-ತಂಗಿ ಹಾಗೆ ಇತ್ತು.

ಆದರೆ ಹಿಮದ ಹರಳಿಗೆ ಆರೇ ಮೂಲೆ. ನೀರು ಹೆಪ್ಪುಗಟ್ಟುವಾಗ ಅದರ ಅಣುಗಳು ಆರು ಮೂಲೆಯ ಜೋಡಣೆಗೆ ಬೀಳುತ್ತವೆ, ಅದಕ್ಕೇ. ಅರ್ಧ, ಅರ್ಧ ಅಂತ ಮಡಚುತ್ತಾ ಹೋದರೆ ನಾಲ್ಕು ಬರುತ್ತೆ, ಇಲ್ಲಾ ಎಂಟು ಬರುತ್ತೆ, ಆರು ಯಾವತ್ತೂ ಬರಲ್ಲ. ತ್ರಿಕೋನ ಮಾಡಿ, ಒಂದು ಸಲ ಅರ್ಧ ಮಡಚಿ, ಆಮೇಲೆ ಅದನ್ನು ಮೂರು ಪಾಲಾಗಿ ಮಡಚಬೇಕು, ದೋಸೆಯ ಎರಡು ಕಡೆಯನ್ನೂ ನಡುವಕ್ಕೆ ಮಡಚುತ್ತೇವಲ್ಲ ಹಾಗೆ. ಹನ್ನೆರಡು ಪದರ ಆಗುತ್ತೆ. ನೋಟ್‌ಬುಕ್ ಹಾಳೆಯಾದರೆ ಮಕ್ಕಳ ಮೊಂಡು ಕತ್ತರಿಗೆ ಅಷ್ಟು ದಪ್ಪ ಬಗ್ಗಲ್ಲ, ಗಾಳಿಪಟದ ಕಾಗದವೇ ಬೇಕು. ಆಷಾಢದ್ದು ಎರಡು ಹಾಳೆ ಉಳಿದಿತ್ತು, ಬದುಕಿಕೊಂಡೆ.

ಹನ್ನೊಂದೂವರೆಗೆ ಕೆಳಗಿನ ಮನೆ ಆಂಟಿ ಕರೆದರು. ಅವರ ಮನೆಯಲ್ಲಿ ಗೋದಲಿ ಶುರುವಾಗಿತ್ತು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಲ್ಲಿ ಕೂರಿಸುವುದು ಗೋದಲಿ. ಮೂಲೆಯಲ್ಲಿ ಸರ್ವೆ ಮರದ ಕೊಂಬೆ ಬಕೆಟ್ಟಿನ ಮರಳಲ್ಲಿ ನಿಂತಿತ್ತು, ಅದೇ ಅವರ ಕ್ರಿಸ್‌ಮಸ್ ಮರ. ಕೆಳಗೆ ಸ್ಟೀಲ್ ತಟ್ಟೆಗಳಲ್ಲಿ ಹಸಿರು ಪೈರು, ಬೆರಳುದ್ದ.

“ಆಂಟಿ, ಇದು ರಾಗಿ ಅಲ್ವಾ?”

“ರಾಗೀನೇ. ಹತ್ತನೇ ತಾರೀಕು ಹಾಕಿದ್ದು. ಗೋದಲಿ ಮುಂದೆ ಹುಲ್ಲುಗಾವಲಿಗೆ. ನೀವು ದಸರಾಗೆ ಹಾಕಲ್ವಾ?”

ಹಾಕುತ್ತೇವೆ! ಬೊಂಬೆ ಮೆಟ್ಟಿಲಿನ ಪಕ್ಕ ಪಾರ್ಕು ಮಾಡುವುದಕ್ಕೆ ನಾವೂ ಹೀಗೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲುತ್ತೇವೆ. ಒಂದೇ ಮನೆಯ ಮೇಲೆ-ಕೆಳಗೆ ನಾಲ್ಕು ವರ್ಷದಿಂದ ಇದ್ದೇವೆ, ಈ ವಿಷಯ ಇವತ್ತೇ ಗೊತ್ತಾಗಿದ್ದು.

ಆಂಟಿ ಪುಟ್ಟಿಗೆ ಗೋದಲಿಯ ಕತೆ ಹೇಳಿದರು. ಇಟಲಿಯಲ್ಲಿ ಗ್ರೆಚ್ಚೋ ಅಂತ ಒಂದು ಹಳ್ಳಿ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಅಲ್ಲಿ ಮೇವಿನ ತೊಟ್ಟಿ, ಹುಲ್ಲು, ನಿಜವಾದ ಎತ್ತು, ನಿಜವಾದ ಕತ್ತೆ ಇಟ್ಟು ಜನರಿಗೆ ಕ್ರಿಸ್‌ಮಸ್ ತೋರಿಸಿದರಂತೆ. ಗೋದಲಿ ಕೂರಿಸುವ ರೂಢಿ ಬೆಳೆದಿದ್ದು ಅಲ್ಲಿಂದ. ಪುಟ್ಟಿಯ ಕಿವಿ ಎತ್ತು ಅಂದಲ್ಲೇ ನಿಂತಿತು. “ಅಮ್ಮಾ, ನಮ್ಮ ಡಬ್ಬದಲ್ಲಿ ಬಸವ ಇದೆ.”

ಹೀಗಾಗಿ ಅಕ್ಟೋಬರ್‌ನಲ್ಲಿ ಎತ್ತಿಟ್ಟ ದಸರಾ ಬೊಂಬೆ ಪೆಟ್ಟಿಗೆ ಡಿಸೆಂಬರ್‌ನಲ್ಲಿ ಅಟ್ಟದಿಂದ ಇಳಿಯಿತು. ಅತ್ತೆಗೆ ಸ್ವಲ್ಪ ಇರಿಸುಮುರುಸು. “ಪಟ್ಟದ ಬೊಂಬೆ ಮಾತ್ರ ಮುಟ್ಟಬೇಡಿ, ಮಿಕ್ಕಿದ್ದು ಏನಾದ್ರೂ ಮಾಡ್ಕೊಳ್ಳಿ” ಅಂದರು. ದಸರಾದಲ್ಲಿ ಕೂರಿಸಿ ಪೂಜೆ ಮಾಡುವ ರಾಜ-ರಾಣಿ ಜೋಡಿಯೇ ಪಟ್ಟದ ಬೊಂಬೆ. ಆಮೇಲೆ ತಾವೇ ಕೂತು ಹಳೇ ಪಂಚೆಯ ಗಂಟು ಬಿಚ್ಚಿ ಒಂದೊಂದನ್ನೇ ತೆಗೆದುಕೊಟ್ಟರು. ಬಸವ ಬಂದ. ಮಣ್ಣಿನ ಕುರಿ ಎರಡು ಬಂದವು, ಒಂದಕ್ಕೆ ಕಿವಿ ಇಲ್ಲ. ಚನ್ನಪಟ್ಟಣದ ಮರದ ಕುದುರೆಗೆ ಇವತ್ತಿನಿಂದ ಕತ್ತೆಯ ಕೆಲಸ.

ಕೊಟ್ಟಿಗೆಗೆ ಚಪ್ಪಲಿ ಡಬ್ಬ. ಅಡ್ಡಕ್ಕೆ ಮಲಗಿಸಿ, ಚಾವಣಿಗೆ ತೆಂಗಿನಗರಿ ಕಡ್ಡಿ. ಒಳಗೆ ರಾಗಿ ಹುಲ್ಲು ಹಾಕೋಣ ಅಂದರೆ ಊರಿಂದ ಯಾರು ತರುತ್ತಾರೆ? ತೆಂಗಿನಕಾಯಿ ಜುಟ್ಟನ್ನು ಬಿಡಿಬಿಡಿಸಿ ಹರಡಿದೆವು, ಹುಲ್ಲಿಗಿಂತ ಚೆನ್ನಾಗಿ ಕೂತಿತು. ಈ ಕೆಲಸ ಚಿಕ್ಕ ಮಕ್ಕಳಿಗೆ ಬಹಳ ಇಷ್ಟ. ಕತ್ತರಿ ಇಲ್ಲ, ಅಂಟು ಇಲ್ಲ, ಸುಮ್ನೆ ಕೀಳುತ್ತಾ ಕೂರುವುದು. ಅರ್ಧ ಗಂಟೆ ಸದ್ದೇ ಇರಲಿಲ್ಲ.

ಹಿಂದೆ ಚರ್ಚ್ ಬೇಕು ಅಂದಳು. ಯೇಸು ಹುಟ್ಟಿದಾಗ ಚರ್ಚ್ ಎಲ್ಲಿತ್ತು ಅಂತ ಕೇಳಬೇಕೆನಿಸಿತು, ಸುಮ್ಮನಾದೆ. ಚರ್ಚ್ ಅಂದರೆ ಅವಳಿಗೆ ಅಶೋಕ ರಸ್ತೆಯ ಸಂತ ಫಿಲೋಮಿನಾ, ಬೇರೆ ಇಲ್ಲ. ಎರಡು ಉದ್ದನೆಯ ಊದುಬತ್ತಿ ಡಬ್ಬ ನಿಲ್ಲಿಸಿ, ಬಿಳಿ ಹಾಳೆ ಸುತ್ತಿ, ತುದಿಗೆ ಕಡಲೆಕಾಯಿ ಪೊಟ್ಟಣ ಕಟ್ಟುವ ಹಾಗೆ ಕಾಗದ ಸುರುಳಿ ಮಾಡಿ ಸಿಕ್ಕಿಸಿದೆವು. ಅಷ್ಟೇ, ಎರಡು ಗೋಪುರ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದ ಚರ್ಚು ಅದು, ಗೋಪುರ 175 ಅಡಿ ಅಂತ ಆಂಟಿ ಹೇಳಿದರು. “175 ಅಡಿ ಅಂದ್ರೆ ಎಷ್ಟು?” ಒಂದು ಮಹಡಿಗೆ ಹತ್ತು ಅಡಿ ಅಂದರೂ ಹದಿನೇಳು ಮಹಡಿ. ನಾವಿರುವುದು ಒಂದನೇ ಮಹಡಿ. ಅವಳು ಚಾವಣಿ ನೋಡಿ, ಬೆರಳು ಮಡಚಿ, ಮಧ್ಯೆ ಬಿಟ್ಟಳು. ಮನೆಯೆಲ್ಲ ಗಂಧದ ವಾಸನೆಯ ಚರ್ಚ್ ಈಗ.

ಮೂವರು ಜ್ಞಾನಿಗಳ ಹತ್ತಿರ ಬಂದಾಗ ತಕರಾರು. ದೂರದಿಂದ ನಕ್ಷತ್ರ ನೋಡಿಕೊಂಡು ಪಾಪು ಯೇಸುವನ್ನು ನೋಡಲು ಬಂದವರು, ಚಿನ್ನ, ಧೂಪ, ಬೋಳ ಅನ್ನುವ ಸುವಾಸನೆಯ ಮರದ ಅಂಟು ತಂದವರು. ನಮ್ಮ ಪೆಟ್ಟಿಗೆಯಲ್ಲಿ ಅಂಥವರು ಯಾರಿದ್ದಾರೆ? ಇಬ್ಬರು ಪೇಟ ತೊಟ್ಟ ವಾದ್ಯದವರು ಸಿಕ್ಕಿದರು. ಮೂರನೆಯವರಾಗಿ ಪುಟ್ಟಿ ಶೆಟ್ಟರನ್ನು ನಿಲ್ಲಿಸಿದಳು. ಬೊಂಬೆ ಹಬ್ಬದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡು ಕೂರುವ, ಹೊಟ್ಟೆ ಮುಂದಿರುವ ನಮ್ಮ ಶೆಟ್ಟರು.

“ಶೆಟ್ಟರು ಏನು ತಂದಿದಾರೆ ಪಾಪೂಗೆ?”

“ಬೇಳೆ, ಬೆಲ್ಲ. ಅವರದೇ ಅಂಗಡಿ ಅಲ್ವಾ ಆಂಟಿ.”

ಆಂಟಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಬಾಣಂತಿ ಮನೆಗೆ ಬೋಳಕ್ಕಿಂತ ಅದೇ ಉಪಯೋಗ ಬಿಡು” ಅಂದರು. ಅತ್ತೆ ಪೆಟ್ಟಿಗೆಯಿಂದ ಶೆಟ್ಟಮ್ಮನನ್ನೂ ತೆಗೆದುಕೊಟ್ಟರು. ಒಬ್ಬರನ್ನೇ ಅಷ್ಟು ದೂರ ಕಳಿಸಬಾರದಂತೆ.

ಮಧ್ಯಾಹ್ನ ಉಪ್ಪು ಹಿಟ್ಟು ಕಲೆಸಿದೆ. ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಪುಡಿ ಉಪ್ಪು, ನೀರು ಸ್ವಲ್ಪ ಸ್ವಲ್ಪ ಹಾಕುತ್ತಾ ಚಪಾತಿ ಹಿಟ್ಟಿಗಿಂತ ಗಟ್ಟಿ. ಕಾಲು ಇಂಚು ದಪ್ಪ ಲಟ್ಟಿಸಿ, ಬಾಟಲಿ ಮುಚ್ಚಳದಲ್ಲಿ ಬಿಲ್ಲೆ ಒತ್ತಿ, ದಾರಕ್ಕೆ ಮೊದಲೇ ತೂತು ಮಾಡಿ ಒಣಗಿಸಬೇಕು. ಎರಡು-ಮೂರು ಬಿಸಿಲು ಬೇಕು, ಮಗುಚಿ ಹಾಕುತ್ತಿರಬೇಕು. ನಾನು ಅವಸರಕ್ಕೆ ಬಿದ್ದು ನಾಲ್ಕು ಬಿಲ್ಲೆ ಮೈಕ್ರೋವೇವ್‌ಗೆ ಇಟ್ಟೆ. ಪೂರಿ ಹಾಗೆ ಉಬ್ಬಿ ಒಡೆದವು. ಪುಟ್ಟಿ ಹಸಿ ಹಿಟ್ಟು ನೆಕ್ಕಿ ಮುಖ ಕಿವುಚಿದಳು. ಮಕ್ಕಳು ಜಾಸ್ತಿ ಬಾಯಿಗೆ ಹಾಕಿಕೊಳ್ಳದ ಹಾಗೆ ಪಕ್ಕದಲ್ಲೇ ಕೂರಬೇಕು, ಆ ಪಾಟಿ ಉಪ್ಪು ಒಳ್ಳೆಯದಲ್ಲ.

ಗೋದಲಿಯಲ್ಲಿ ಎಲ್ಲರೂ ಇದ್ದಾರೆ, ಪಾಪು ಎಲ್ಲಿ ಅಂತ ಸಂಜೆಯವರೆಗೆ ಹತ್ತು ಸಲ ಕೇಳಿದಳು. ಬಾಲಯೇಸುವನ್ನು 24ರ ರಾತ್ರಿಯೇ ಮಲಗಿಸುವುದು, ಅಲ್ಲಿಯವರೆಗೆ ತೊಟ್ಟಿಲು ಖಾಲಿ ಇರುತ್ತೆ ಅಂತ ಆಂಟಿ ಹೇಳಿ ಕಳಿಸಿದ್ದರು. ಹಾಗಾದರೆ ಈಗಲೇ ಮಾಡಿಡೋಣ ಅಂತ ಉಳಿದ ಹಿಟ್ಟನ್ನೆಲ್ಲ ತೆಗೆದುಕೊಂಡಳು. ತಲೆ, ಹೊಟ್ಟೆ, ಎರಡು ಕೈ, ಎರಡು ಕಾಲು. ಮೆಣಸಿನ ಕಾಳಿನ ಕಣ್ಣು. ನಾನು ಕೈ ಹಾಕಲಿಲ್ಲ, ಕೈ ಕಟ್ಟಿಕೊಂಡೇ ಕೂತಿದ್ದೆ. ಆದ ಮೇಲೆ ನೋಡಿದರೆ ಪಾಪು ಬಸವನಿಗಿಂತ ದೊಡ್ಡದು. ಚಪ್ಪಲಿ ಡಬ್ಬದ ಒಳಗೆ ಹೋಗಲ್ಲ. ಶೆಟ್ಟರು ಅದರ ಮೊಣಕಾಲಿಗೆ ಬರುತ್ತಾರೆ.

ಸೋಮವಾರಕ್ಕೆ ಇದನ್ನೇ ತೆಗೆದುಕೊಂಡು ಹೋಗುತ್ತಾಳಂತೆ. ಇಷ್ಟು ದಪ್ಪಕ್ಕೆ ನಾಳೆ ಒಂದು ಬಿಸಿಲಲ್ಲಿ ಖಂಡಿತ ಒಣಗಲ್ಲ, ಒಳಗೆ ಹಸಿಯೇ ಇರುತ್ತೆ. ಸದ್ಯಕ್ಕೆ ಅಡುಗೆಮನೆ ಕಟ್ಟೆಯ ಮೇಲೆ ಸ್ಟೀಲ್ ಜರಡಿ ಬೋರಲು ಹಾಕಿ ಅದರ ಮೇಲೆ ಮಲಗಿಸಿದ್ದೇನೆ. ಈಗ ನೀರು ಕುಡಿಯಲು ಹೋದಾಗ ನೋಡಿದೆ, ಅತ್ತೆ ಅದಕ್ಕೆ ಕರ್ಚೀಫು ಹೊದಿಸಿದ್ದಾರೆ. ಜಿರಲೆ ಬರಬಾರದು ಅಂತ ಅಂದರು.