ನರಿಯ ಮಾತು ಕೇಳದ ರಾಜಕುಮಾರ

ಜರ್ಮನಿಯ ಜನಪದ ಕಥೆಗಳನ್ನು ಕಲೆಹಾಕಿದ ಗ್ರಿಮ್ ಸಹೋದರರ ಸಂಗ್ರಹದಲ್ಲಿ ಚಿನ್ನದ ಹಕ್ಕಿಯನ್ನು ಹುಡುಕಿ ಹೊರಡುವ ಕಿರಿಯ ರಾಜಕುಮಾರನ ಕಥೆಯೊಂದಿದೆ. ಹಕ್ಕಿಯನ್ನು ಅದರ ಮರದ ಪಂಜರದಲ್ಲಿಯೇ ತರಬೇಕು, ಪಕ್ಕದ ಚಿನ್ನದ ಪಂಜರದ ಗೊಡವೆ ಬೇಡ ಎಂದು ನರಿ ಅವನಿಗೆ ಹೇಳಿರುತ್ತದೆ. ಇಷ್ಟು ಚೆಂದದ ಹಕ್ಕಿಗೆ ಮರದ ಗೂಡೇ ಎನ್ನಿಸಿ ಅವನು ಚಿನ್ನದ ಪಂಜರಕ್ಕೆ ಕೈಹಾಕುತ್ತಾನೆ. ಹಕ್ಕಿ ಕಿರುಚುತ್ತದೆ, ಅವನು ಸೆರೆಯಾಗುತ್ತಾನೆ. ಮುಂದೆ ಕುದುರೆಯ ಜೀನಿನ ವಿಷಯದಲ್ಲಿಯೂ, ಆಮೇಲೆ ರಾಜಕುಮಾರಿಯ ವಿಷಯದಲ್ಲಿಯೂ ಹೀಗೆಯೇ ಆಗುತ್ತದೆ. ಮೊದಲ ಸಲವೇ ಹೇಳಿದಂತೆ ನಡೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನ ಒಂದೊಂದು ತಪ್ಪೂ ಒಂದೊಂದು ಕಂತು.

ದೂರದರ್ಶನದ ಒಳ್ಳೆಯ ಧಾರಾವಾಹಿಗಳು ನಡೆಯುವುದೂ ಹೀಗೆಯೇ. ‘ಬ್ರೇಕಿಂಗ್ ಬ್ಯಾಡ್’ನ ರಸಾಯನಶಾಸ್ತ್ರದ ಮೇಷ್ಟ್ರು ವಾಲ್ಟರ್ ವೈಟ್‌ಗೆ ಮೊದಲ ಸರಣಿಯಲ್ಲಿಯೇ ಹಳೆಯ ಗೆಳೆಯನೊಬ್ಬ ಕ್ಯಾನ್ಸರ್ ಚಿಕಿತ್ಸೆಯ ವೆಚ್ಚದ ದಾರಿ ತೋರಿಸುತ್ತಾನೆ. ವಾಲ್ಟರ್ ಅದನ್ನು ಒಪ್ಪಿಕೊಂಡಿದ್ದರೆ, ಹಣಕ್ಕಾಗಿ ಅವನು ಮಾದಕವಸ್ತು ತಯಾರಿಸುವ ಒಟ್ಟು 62 ಕಂತುಗಳ ಬಹುಭಾಗಕ್ಕೆ ಕಾರಣವೇ ಇರುತ್ತಿರಲಿಲ್ಲ. ಸ್ವಾಭಿಮಾನವೇ ಅವನ ಚಿನ್ನದ ಪಂಜರ. ಆದರೆ ರಾಜಕುಮಾರನು ಎಷ್ಟು ಸಲ ಎಡವಿದರೂ ನರಿ ಬೈಯುತ್ತಲೇ ಮತ್ತೆ ಬಂದು ಕೈಹಿಡಿಯುತ್ತದೆ. ವಾಲ್ಟರ್‌ನ ಪಾಲಿಗೆ ಅಂಥ ನರಿಯಿಲ್ಲ.

ಗ್ರಿಮ್ ಸಹೋದರರಿಗೆ ಈ ಕಥೆಗಳನ್ನು ಹೇಳಿದವರು ಯಾರು? ಜರ್ಮನಿಯ ಕಾಸೆಲ್ ನಗರದ ಬಳಿಯ ನೀಡರ್‌ಟ್ಸ್ವೇರನ್‌ನ ಡೊರೊಥಿಯಾ ಫೀಮನ್ ತೋಟದ ತರಕಾರಿ ಮಾರಲು ಪಟ್ಟಣಕ್ಕೆ ಬರುತ್ತಿದ್ದಳು. 1813ರಲ್ಲಿ ಸಹೋದರರಿಗೆ ಪರಿಚಯವಾದಳು. 1815ರ ಎರಡನೆಯ ಸಂಪುಟದ ಮುನ್ನುಡಿಯ ಪ್ರಕಾರ, ಆಕೆ ಮೊದಲು ಸರಾಗವಾಗಿ ಹೇಳಿ, ಕೇಳಿದರೆ ಬರೆದುಕೊಳ್ಳಲು ಅನುಕೂಲವಾಗುವಂತೆ ನಿಧಾನವಾಗಿ ಮತ್ತೊಮ್ಮೆ ಹೇಳುತ್ತಿದ್ದಳು, ತಪ್ಪಿದ್ದು ಗಮನಕ್ಕೆ ಬಂದರೆ ಅಲ್ಲಿಯೇ ತಿದ್ದಿಕೊಳ್ಳುತ್ತಿದ್ದಳು. ನಾಯಕರನ್ನು ಹೆಜ್ಜೆಹೆಜ್ಜೆಗೂ ಎಡವಿಸುವ ಕಥೆಗಾರ್ತಿ ತನ್ನ ಒಂದು ಮಾತು ತಪ್ಪುವುದನ್ನೂ ಸಹಿಸುತ್ತಿರಲಿಲ್ಲ. ಅದೇ ಮುನ್ನುಡಿ ಆಕೆಯನ್ನು ರೈತ ಹೆಂಗಸು ಎಂದು ಕರೆಯಿತು. ವಾಸ್ತವದಲ್ಲಿ ಆಕೆ ದರ್ಜಿಯ ಹೆಂಡತಿ, ಹೆದ್ದಾರಿ ಬದಿಯ ಹೋಟೆಲಿನವನ ಮಗಳು, ಫ್ರಾನ್ಸಿನಿಂದ ವಲಸೆ ಬಂದ ಹ್ಯೂಗೆನೋ (ಫ್ರೆಂಚ್ ಪ್ರೊಟೆಸ್ಟಂಟ್) ಮನೆತನದ ಕುಡಿ. ಕೆಂಪು ಟೋಪಿಯ ಹುಡುಗಿಯ ಕಥೆಯನ್ನು ತಂದುಕೊಟ್ಟ ಹಾಸೆನ್‌ಫ್ಲುಗ್ ಸಹೋದರಿಯರದಂತೂ ಅಧಿಕಾರಿ ವರ್ಗದ ಸುಶಿಕ್ಷಿತ ಮನೆ.

ಹೇಳುವವರನ್ನು ಅಚ್ಚ ಹಳ್ಳಿಗರನ್ನಾಗಿ ಕಾಣಿಸಿದ ಕೈಯೇ ಪಾತ್ರಗಳನ್ನೂ ತೊಳೆಯಿತು. 1812ರ ಮೊದಲ ಮುದ್ರಣದಲ್ಲಿ ಹಾನ್ಸೆಲ್ ಮತ್ತು ಗ್ರೆಟೆಲ್ ಎಂಬ ಬಡ ಮನೆಯ ಮಕ್ಕಳನ್ನು ಕಾಡಿಗೆ ಬಿಟ್ಟುಬರೋಣ ಎನ್ನುವವಳು ಹೆತ್ತ ತಾಯಿ; ಮುಂದಿನ ಮುದ್ರಣಗಳಲ್ಲಿ ಅವಳು ಮಲತಾಯಿಯಾದಳು. ಇದು ಆ ಕಥೆಗೆ ಆದ ನಷ್ಟವೆಂದೇ ನನ್ನ ಭಾವನೆ. ಹಸಿವು ತಾಯಿಯಿಂದ ಏನು ಮಾಡಿಸೀತು ಎಂಬ ಭಯಂಕರ ಪ್ರಶ್ನೆಯ ಬದಲು, ಕೆಟ್ಟವಳು ಕೆಟ್ಟದ್ದು ಮಾಡಿದಳು ಎಂಬ ಸಲೀಸು ಉತ್ತರ ಉಳಿಯಿತು. ಇಂದಿನ ಧಾರಾವಾಹಿಕಾರರು ಮತ್ತೆ ಕೈಗೆತ್ತಿಕೊಂಡಿರುವುದು ಆ ಪ್ರಶ್ನೆಯನ್ನೇ.

ತೊಳೆತಕ್ಕೆ ಸಿಗದೆ ಉಳಿದದ್ದೂ ಇದೆ. ಯೋಹಾನ್ ಫ್ರೀಡ್ರಿಷ್ ಕ್ರೌಸೆ ಎಂಬ ನಿವೃತ್ತ ಅಶ್ವದಳದ ಸಿಪಾಯಿ ಹಳೆಯ ಷರಾಯಿಗಳಿಗೆ ಪ್ರತಿಯಾಗಿ ಕಥೆ ಹೇಳುತ್ತಿದ್ದನು. ಅವನು ಕೊಟ್ಟ ‘ಮುದಿ ಸುಲ್ತಾನ್’ ಕಥೆಯಲ್ಲಿ, ಹಲ್ಲುದುರಿದ ನಾಯಿಯನ್ನು ಯಜಮಾನನು ಗುಂಡಿಟ್ಟು ಕೊಲ್ಲಲು ನಿಶ್ಚಯಿಸುತ್ತಾನೆ. ನಾಯಿ ತೋಳದೊಂದಿಗೆ ಒಪ್ಪಂದ ಮಾಡಿಕೊಂಡು, ಮಗುವನ್ನು ತೋಳ ಕದ್ದಂತೆಯೂ ತಾನು ಬಿಡಿಸಿ ತಂದಂತೆಯೂ ನಾಟಕವಾಡಿ ಬದುಕಿಕೊಳ್ಳುತ್ತದೆ. ಋಣ ತೀರಿಸು, ನಾನು ಕುರಿ ಒಯ್ಯುವಾಗ ಕಣ್ಣು ಮುಚ್ಚಿಕೊಂಡಿರು ಎಂದು ತೋಳ ಕೇಳಿದಾಗ, ಯಜಮಾನನಿಗೆ ದ್ರೋಹ ಬಗೆಯಲಾರೆ ಎನ್ನುತ್ತದೆ. ಆ ಯಜಮಾನನನ್ನು ವಂಚಿಸಿ ಗಳಿಸಿದ ದಿಂಬಿನ ಮೇಲೆಯೇ ಅದು ಈಗ ಮಲಗುವುದು. ಸೇವೆ ಮುಗಿದು ಹಳೆಯ ಬಟ್ಟೆಗಾಗಿ ಕಥೆ ಹೇಳುವ ಸಿಪಾಯಿ ಇದನ್ನು ಯಾವ ದನಿಯಲ್ಲಿ ಹೇಳಿರಬಹುದು ಎಂದು ನಾನು ಹಲವು ಸಲ ಊಹಿಸಿಕೊಂಡಿದ್ದೇನೆ.