ಬೇಲೂರಿನ ಫೋನು ಮತ್ತು 32 ಸೆಕೆಂಡು

ಬೇಲೂರಿನಿಂದ ಮಾಡಿದ ಕರೆ ಅರ್ಧ ನಿಮಿಷಕ್ಕೇ ಯಾಕೆ ಕಟ್ ಆಗ್ತಿತ್ತು ಅಂತ ಕೊನೆಗೂ ಸಿಕ್ತು! ಹನ್ನೊಂದು ರಾತ್ರಿ ತಿಂದಿದ್ದು ಒಂದೇ ಒಂದು ಸಾಲು. ಬರೆಯೋಕೆ ಮರೆತ ಸಾಲಾಗಿದ್ದರೆ ಇಷ್ಟು ಹೊಟ್ಟೆ ಉರೀತಿರಲಿಲ್ಲ. ಅದು ಸರ್ವರಿನ ಸೆಟ್ಟಿಂಗ್ ಫೈಲಿನಲ್ಲೇ ಇತ್ತು, ದಿನಾ ಕಣ್ಣಿಗೆ ಬೀಳ್ತಿತ್ತು.

ಮೊದಲು ಸೆಟಪ್ ಹೇಳಿಬಿಡ್ತೀನಿ. ಸೋದರಮಾವನ ಕಾಫಿ-ಮೆಣಸು ವ್ಯಾಪಾರಕ್ಕೆ ನಮ್ಮದೇ ಫೋನ್ ಸರ್ವರ್. ಹಾಸನದ ಗೋಡೌನಿನಲ್ಲಿ ಎರಡು ಆಸ್ಟರಿಸ್ಕ್ (ಟೆಲಿಫೋನ್ ಎಕ್ಸ್‌ಚೇಂಜ್ ಕೆಲಸ ಮಾಡೋ ಸಾಫ್ಟ್‌ವೇರ್), ಅವುಗಳ ಮುಂದೆ ಕರೆಗಳನ್ನ ಎರಡಕ್ಕೂ ಹಂಚೋ ಲೋಡ್ ಬ್ಯಾಲೆನ್ಸರ್ ಆಗಿ ಕಮೈಲಿಯೊ, ಆಡಿಯೋ ಸಾಗಿಸೋಕೆ ಆರ್‌ಟಿಪಿ ಎಂಜಿನ್. ಬೇಲೂರಿನ ಅಂಗಡಿ ವೈರ್‌ಗಾರ್ಡ್ ಅನ್ನೋ ವಿಪಿಎನ್ ಮೂಲಕ ಸೇರಿಕೊಳ್ಳುತ್ತೆ. ಹೊರಗಿನ ಲೈನ್ ಇಲ್ಲ, ಬರೀ ಇಂಟರ್‌ಕಾಮ್. ಒಂಬತ್ತು ಫೋನಿಗೆ ಎರಡು ಸರ್ವರ್ ಯಾಕೆ ಅಂತ ಕೇಳಬೇಡಿ, ಮನೆಯಲ್ಲಿ ಆಗಲೇ ಕೇಳಿ ಆಗಿದೆ.  

ಸ್ವಿಚ್ ಕಥೆ ಮಾತ್ರ ಹೇಳಲೇಬೇಕು. ಬೆಂಗಳೂರಿನ ಅಂಗಡಿಯೊಂದರಿಂದ ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಫೋನಿಗೆ ಕರೆಂಟ್ ಕೊಡೋದು) ತರಿಸಿದೆ. ಬಂದಿದ್ದು 24 ವೋಲ್ಟಿನ ಪ್ಯಾಸಿವ್ ಸರಕು. ನನ್ನ ಫೋನುಗಳು ಕೇಳೋದು 802.3ಎಎಫ್ ಅನ್ನೋ ಸ್ಟ್ಯಾಂಡರ್ಡು, ಅಂದರೆ 48 ವೋಲ್ಟು. "ಸಾರ್, ಪಿಒಇ ಅಂದ್ರೆ ಪಿಒಇನೇ" ಅಂದ ಪುಣ್ಯಾತ್ಮ. ಆಮೇಲೆ ಅವನು ಫೋನಿಗೆ ಸಿಗೋದು ಹಾಸನಾಂಬೆ ದರ್ಶನದ ಹಾಗಾಯ್ತು, ವರ್ಷಕ್ಕೊಂದು ಸಲ ಬಾಗಿಲು.

ಈಗ ತಲೆನೋವಿಗೆ ಬರೋಣ. ಬೇಲೂರಿನಿಂದ ಹಾಸನಕ್ಕೆ ಫೋನ್ ಮಾಡಿದರೆ ರಿಂಗ್ ಆಗುತ್ತೆ, ಎತ್ತುತ್ತಾರೆ, ಎರಡೂ ಕಡೆ ಮಾತು ಸ್ಪಷ್ಟ, ಆಮೇಲೆ ಕಟ್. ಹಾಸನದಿಂದ ಬೇಲೂರಿಗೆ ಮಾಡಿದರೆ ಅರ್ಧ ಗಂಟೆ ಆದರೂ ಏನೂ ಆಗಲ್ಲ. ನಾನು ನನ್ನ ಟೇಬಲ್ಲಿನಿಂದ ಪಕ್ಕದ ಫೋನಿಗೆ ಮಾಡಿ ನೋಡಿದಾಗಲೂ ಎಲ್ಲ ಸರಿ. ಮಾವ ಎರಡು ದಿನ ಸುಮ್ಮನಿದ್ದು ಮೂರನೇ ದಿನ ಮೊಬೈಲಿಗೆ ಮಾಡಿದರು: "ಲೋ, ಮೂಟೆ ಲೆಕ್ಕ ಹೇಳಿ ರೇಟಿಗೆ ಬರೋಷ್ಟರಲ್ಲಿ ಫೋನೇ ಇರಲ್ವಲ್ಲೋ. ನಿಂದು ಪುಕ್ಕಟೆ ಫೋನು ಅಂತ ಹೀಗಾ?" ಇದೇ ಹಾಸನದಲ್ಲಿ ಕೂತು ಇಸ್ರೋದವರು ಸುಮಾರು 36,000 ಕಿಲೋಮೀಟರ್ ಮೇಲಿರೋ ಉಪಗ್ರಹಗಳನ್ನ ಆಡಿಸ್ತಾರೆ. ನನಗೆ ಬೇಲೂರಿನ ಫೋನು ಹಿಡಿದಿಟ್ಟುಕೊಳ್ಳೋಕಾಗಲಿಲ್ಲ.

ಮೊದಲ ಅನುಮಾನ ರೂಟರಿನ ಸಿಪ್ ಎಎಲ್‌ಜಿ ಮೇಲೆ (ಸಿಪ್ ಅಂದರೆ ಇಂಥ ಫೋನುಗಳು ಕರೆ ಜೋಡಿಸೋಕೆ ಬಳಸೋ ಭಾಷೆ, ಎಎಲ್‌ಜಿ ಅಂದರೆ ಅದರ ಸಂದೇಶಗಳನ್ನ ನಡುವೆ ತಿದ್ದೋ ರೂಟರಿನ ಸೌಲಭ್ಯ). ಆಫ್ ಮಾಡಿದೆ, ಉಪಯೋಗ ಇಲ್ಲ. ಎರಡನೇದು, ಒಂದು ಸರ್ವರಿನ ಕರೆ ಇನ್ನೊಂದಕ್ಕೆ ಹೋಗ್ತಿದೆಯಾ? ಕಮೈಲಿಯೊದಲ್ಲಿ ಕರೆ ಹಂಚೋ ಡಿಸ್ಪ್ಯಾಚರಿನಲ್ಲಿ ರೌಂಡ್ ರಾಬಿನ್ (ಸರದಿ ಪ್ರಕಾರ ಹಂಚೋದು) ತೆಗೆದು, ಒಂದು ಕರೆ ಒಂದೇ ಸರ್ವರಿಗೆ ಹೋಗೋ ಹಾಗೆ ಕಾಲ್-ಐಡಿ ಹ್ಯಾಶ್ ಹಾಕಿದೆ. ಕೊನೆಗೆ ಎರಡನೇ ಆಸ್ಟರಿಸ್ಕನ್ನೇ ಆಫ್ ಮಾಡಿದೆ. ಊಹೂಂ. ಮೂರನೇದರಲ್ಲಿ ಪೂರಾ ಮೋಸಹೋದೆ: ಸದ್ದಿಲ್ಲದ ಸಂಪರ್ಕವನ್ನ ಮರೆತುಬಿಡೋಕೆ ಲಿನಕ್ಸ್ ಕಾಯೋ ಹೊತ್ತು (ಕಾನ್‌ಟ್ರ್ಯಾಕ್‌ನ ಯುಡಿಪಿ ಟೈಮ್‌ಔಟ್) ಡೀಫಾಲ್ಟಾಗಿ 30 ಸೆಕೆಂಡು. ಕರೆಯೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಇರುತ್ತಲ್ಲ! 300 ಮಾಡಿ, ಕಾಲರ್ ಎತ್ತಿಕೊಂಡು ಮಲಗಿದೆ. ಬೆಳಿಗ್ಗೆ ಮತ್ತೆ ಕಟ್.

ಆಗ ಅಂಗಡಿ ಹುಡುಗನಿಗೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿಸಿ ಹತ್ತು ಸಲ ಫೋನ್ ಮಾಡಿಸಿದೆ. ಹತ್ತೂ ಸಲ 32. ಒಂದು ಸಲವೂ 30 ಅಲ್ಲ. ಮೊದಲ ದಿನವೇ ಅಳೆದು ನೋಡಬೇಕಿತ್ತು.

ಸಿಪ್ ಗೊತ್ತಿದ್ದವರಿಗೆ ಈಗಾಗಲೇ ನಗು ಬಂದಿರುತ್ತೆ. ಸಿಪ್‌ನ ನಿಯಮಗಳಿರೋ 2002ರ ಆರ್‌ಎಫ್‌ಸಿ 3261ರಲ್ಲಿ ಟಿ1 ಅನ್ನೋ ಮೂಲ ಅಳತೆ ಅಂದರೆ ಅರ್ಧ ಸೆಕೆಂಡು, ಅದರ 64 ಪಟ್ಟು 32. ಕರೆ ಎತ್ತಿದ ಕಡೆಯವರು 200 ಓಕೆ ('ಎತ್ತಿದೆ') ಅಂತ ಕಳಿಸಿ ಆಕ್‌ಗೆ ('ತಲುಪಿತು' ಅನ್ನೋ ಉತ್ತರಕ್ಕೆ) ಕಾಯ್ತಾರೆ, ಅಷ್ಟರಲ್ಲಿ ಬರದಿದ್ದರೆ ಬೈ ಹೇಳಿ ಕರೆ ಮುಗಿಸ್ತಾರೆ. ಸಿಪ್ ಸಂದೇಶಗಳನ್ನ ತೋರಿಸೋ ಎಸ್‌ಎನ್‌ಗ್ರೆಪ್ ತೆರೆದರೆ ಅದೇ ಮೆರವಣಿಗೆ: 200 ಓಕೆ, ಅರ್ಧ ಸೆಕೆಂಡು ಬಿಟ್ಟು ಮತ್ತೊಂದು, ಆಮೇಲೆ ಒಂದು, ಎರಡು, ಅಲ್ಲಿಂದ ನಾಲ್ಕು ನಾಲ್ಕು ಸೆಕೆಂಡಿಗೆ. ಒಟ್ಟು ಹನ್ನೊಂದು ಸಲ. ಪಾಪ ಆಸ್ಟರಿಸ್ಕು ಹನ್ನೊಂದು ಸಲ ಕೂಗಿದೆ, ಒಬ್ಬರೂ ಓಗೊಟ್ಟಿಲ್ಲ.

ಆಕ್ ಎಲ್ಲಿಗೆ ಹೋಯ್ತು ಹಾಗಾದರೆ? ಬೇಲೂರಿನ ಫೋನಿನದೇ ಕ್ಯಾಪ್ಚರ್ (ಹೋಗಿಬಂದ ಸಂದೇಶಗಳ ದಾಖಲೆ) ತರಿಸಿದೆ. ಫೋನು ಮರ್ಯಾದೆಯಿಂದ ಆಕ್ ಕಳಿಸಿದೆ, ಕಮೈಲಿಯೊಗಲ್ಲ, ನೇರ ಆಸ್ಟರಿಸ್ಕಿನ ಕಾಂಟ್ಯಾಕ್ಟ್ ವಿಳಾಸಕ್ಕೆ: 192.168.1.21. ಎರಡೂ ಕಡೆಯ ನೆಟ್‌ವರ್ಕ್ ವಿಳಾಸ ಶುರುವಾಗೋದು ಒಂದೇ ಥರ: ಹಾಸನದ ಗೋಡೌನೂ 192.168.1, ಬೇಲೂರಿನ ಅಂಗಡಿಯೂ 192.168.1. ಹಾಗಾಗಿ ಫೋನು ತನ್ನ ಅಂಗಡಿಯೊಳಗಿನ 21ಕ್ಕೇ ಕಳಿಸಿತ್ತು. ಬೇಲೂರಿನಲ್ಲಿ 21 ಯಾರು? ಸಿಸಿಟಿವಿ ಡಿವಿಆರ್! ಇಷ್ಟು ದಿನ ನನ್ನ ಆಕ್‌ಗಳನ್ನೆಲ್ಲ ಗೋಡೆ ಮೇಲಿನ ಆ ಡಬ್ಬ ನುಂಗಿಕೊಂಡು ತೆಪ್ಪಗೆ ಕೂತಿತ್ತು. ಹಾಸನದೊಳಗಿನ ಫೋನುಗಳೂ ಇದೇ ತಪ್ಪು ಮಾಡ್ತಿದ್ದವು. ಅಲ್ಲಿ 21 ನಿಜವಾದ ಆಸ್ಟರಿಸ್ಕೇ ಆಗಿದ್ದರಿಂದ ನಡೆದುಹೋಗ್ತಿತ್ತು, ನನ್ನ ಟೆಸ್ಟೆಲ್ಲ ಪಾಸು.

ದಾರಿಯಲ್ಲಿ ತನ್ನನ್ನೂ ಸೇರಿಸಿಕೊಳ್ಳಿ ಅಂತ ಹೇಳೋದು ಕಮೈಲಿಯೊ ಕೆಲಸ, ಸಂದೇಶಕ್ಕೆ ರೆಕಾರ್ಡ್-ರೂಟ್ ಅನ್ನೋ ಗುರುತು ಹಾಕುವ ಮೂಲಕ. ಅದನ್ನ ಹಾಕೋ ಸಾಲು ಫೈಲಿನಲ್ಲಿತ್ತು. ಆದರೆ ಅದಕ್ಕಿಂತ ಆರು ಸಾಲು ಮೇಲೆ, ಲೋಡ್ ಬ್ಯಾಲೆನ್ಸಿಂಗ್ ಸೇರಿಸುವ ಹುರುಪಿನಲ್ಲಿ ನಾನೇ ಒಂದು ಒಳದಾರಿ ಕೊರೆದಿದ್ದೆ: ಫೋನಿನಿಂದ ಇನ್ವೈಟ್ (ಕರೆ ಶುರು ಮಾಡೋ ಸಂದೇಶ) ಬಂದರೆ ಡಿಸ್ಪ್ಯಾಚರಿಗೆ ಕೊಟ್ಟು ಅಲ್ಲೇ ಎಕ್ಸಿಟ್. ಕೆಳಗಿನ ಸಾಲಿಗೆ ಯಾರೂ ಇಳಿದೇ ಇಲ್ಲ. ಹಾಸನದವರ ಕರೆಯನ್ನ ಬೇಲೂರಿಗೆ ಮುಟ್ಟಿಸೋದು ಆಸ್ಟರಿಸ್ಕು, ಅಲ್ಲಿಂದ ಹೊರಡುವ ಕರೆಗಳಿಗೆ ಆ ಒಳದಾರಿ ಅನ್ವಯಿಸಲ್ಲ, ಅದಕ್ಕೇ ಹಾಸನದಿಂದ ಬೇಲೂರಿಗೆ ಸರಿ ಇತ್ತು. ಸಾಲನ್ನ ಮೇಲಕ್ಕೆತ್ತಿ ರೀಸ್ಟಾರ್ಟ್ ಮಾಡಿದೆ. 33, 34, 35... ಒಂದು ನಿಮಿಷ ದಾಟಿದ ಮೇಲೆ ಹುಡುಗ "ಅಣ್ಣಾ, ಇನ್ನೂ ಮಾತಾಡ್ತಿರ್ಬೇಕಾ?" ಅಂದ.

ಇದರ ಮಧ್ಯೆ ಅಟ್ಟದಲ್ಲಿ ಕೇಬಲ್ ಹುಡುಕುವಾಗ ಅಜ್ಜನ ಕಾಲದ ಕಪ್ಪು ಡಯಲ್ ಫೋನು ಸಿಕ್ಕಿದೆ. ಬೆರಳು ಹಾಕಿ ತಿರುಗಿಸಿ ಬಿಟ್ಟರೆ ಇನ್ನೂ ಕರ್ರ್ ಅಂತ ಸರಿಯಾಗಿ ವಾಪಸ್ ಬರುತ್ತೆ. ಸೆಕೆಂಡಿಗೆ ಹತ್ತು ಪಲ್ಸು, ಸೊನ್ನೆಗೆ ಹತ್ತು ಪಲ್ಸು. ಇದನ್ನ ಎಟಿಎಗೆ (ಹಳೇ ಫೋನನ್ನ ನೆಟ್‌ವರ್ಕಿಗೆ ಜೋಡಿಸೋ ಡಬ್ಬಿಗೆ) ಚುಚ್ಚಿ ಎಕ್ಸ್‌ಟೆನ್ಷನ್ 109 ಮಾಡಬೇಕು. ಈಗಿನ ಎಟಿಎಗಳಲ್ಲಿ ಬಹಳಷ್ಟಕ್ಕೆ ಪಲ್ಸ್ ಅರ್ಥವಾಗಲ್ಲ, ನಡುವೆ ಟೋನಿಗೆ ತಿರುಗಿಸೋ ಸಣ್ಣ ಬೋರ್ಡ್ ಬೇಕು. ಯಾರಾದರೂ ಕೈಯಾರೆ ಮಾಡಿದ್ದರೆ ತಿಳಿಸಿ. ಆ ಸ್ವಿಚ್ಚಿನವನ ಹತ್ತಿರ ಮಾತ್ರ ಕೇಳಲ್ಲ.

ಅದಕ್ಕೆ ಮುಂಚೆ ಬೇಲೂರಿನ ನೆಟ್‌ವರ್ಕನ್ನ 192.168.50ಕ್ಕೆ ಬದಲಿಸಬೇಕು. ಡಿವಿಆರ್ ವಿಳಾಸವನ್ನೂ ಬದಲಿಸಬೇಕಾಗುತ್ತೆ. ಅದರ ಪಾಸ್‌ವರ್ಡ್ ಏನು ಅಂತ ಮಾವನಿಗೆ ಕೇಳಿದೆ. "ಹಾಕಿದೋನು ದುಬೈಗೆ ಹೋಗಿ ನಾಲ್ಕು ವರ್ಷ ಆಯ್ತಲ್ಲೋ" ಅಂದರು, ಇಂಟರ್‌ಕಾಮಿನಲ್ಲೇ.